ಗರಡಿಮನೆಯಿಂದ ನೆಲಮಾಳಿಗೆಗೆ

ದೆಹಲಿಯಲ್ಲಿ ಈಗ ಮನೆ ಕಟ್ಟಿಸುವವರು ಮೊದಲು ಕೆಳಕ್ಕೆ ಅಗೆಯುತ್ತಾರೆ, ಆಮೇಲೆ ಮೇಲಕ್ಕೆ ಏರಿಸುತ್ತಾರೆ. ಚದರ ಗಜದ ಲೆಕ್ಕದಲ್ಲಿ ಚಿನ್ನದಂತೆ ಮಾರಾಟವಾಗುವ ನಿವೇಶನದಲ್ಲಿ ಒಂದು ಅಂಗುಲವನ್ನೂ ಬಿಡಲು ಯಾರಿಗೂ ಮನಸ್ಸು ಬಾರದು. ಹಾಗೆ ಅಗೆದ ನೆಲಮಾಳಿಗೆಯಲ್ಲಿ ಹಿಂದೆ ಹಳೆಯ ಟ್ರಂಕು, ಚಳಿಗಾಲದಲ್ಲಿ ಬೇಡವಾದ ಕೂಲರು, ಬೇಸಿಗೆಯಲ್ಲಿ ಬೇಡವಾದ ರಜಾಯಿ ಇವುಗಳಿಗೆ ಸ್ಥಾನವಿರುತ್ತಿತ್ತು. ೨೦೨೦ರಲ್ಲಿ ಕೊರೋನಾ ಬಂದು ಊರಿನ ಜಿಮ್‌ಗಳೆಲ್ಲ ತಿಂಗಳುಗಟ್ಟಲೆ ಬೀಗ ಹಾಕಿಕೊಂಡ ಮೇಲೆ, ಅನುಕೂಲವಿದ್ದವರ ನೆಲಮಾಳಿಗೆಗೆ ಓಟದ ಯಂತ್ರವೂ ಕಬ್ಬಿಣದ ತೂಕಗಳೂ ಗೋಡೆಯಗಲದ ಕನ್ನಡಿಯೂ ಬಂದವು. ನಮ್ಮ ಸಂಘದ ಸದಸ್ಯರಲ್ಲೂ ಕೆಲವರು ಅಂಥ ಕೋಣೆಗಳನ್ನು ಮಾಡಿಸಿಕೊಂಡಿದ್ದಾರೆ, ಇನ್ನು ಕೆಲವರು ಮಾಡಿಸಬೇಕೆಂದು ನಕ್ಷೆ ಹಿಡಿದು ಓಡಾಡುತ್ತಿದ್ದಾರೆ.

ಇದನ್ನು ಕಂಡು ಹಿರಿಯರು "ಇದೆಲ್ಲ ಅಮೆರಿಕದಿಂದ ಬಂದ ಷೋಕಿ" ಎಂದು ಮೂಗು ಮುರಿಯುವುದುಂಟು. ಕಿರಿಯರೂ ಇದು ಅಮೆರಿಕದ್ದೇ ಎಂದು ನಂಬಿದ್ದಾರೆ, ಆದರೆ ಅವರಿಗೆ ಅದು ಹೆಮ್ಮೆಯ ಮಾತು. ಎರಡು ಪಕ್ಷದವರೂ ಒಂದು ಸಂಗತಿಯನ್ನು ಮರೆತಿದ್ದಾರೆ. ನೆಲವನ್ನು ತಗ್ಗಾಗಿ ಅಗೆದು, ಅದರ ಮೇಲೆ ಮಾಡು ಹಾಕಿ, ಆ ತಗ್ಗಿನಲ್ಲಿ ಮೈ ಬೆಳೆಸುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಅದಕ್ಕೆ ನಮ್ಮಲ್ಲಿ ಗರಡಿಮನೆ ಎಂಬ ಹೆಸರೇ ಇದೆ. ಆ ಮನೆಯನ್ನು ಕಟ್ಟುತ್ತಿದ್ದವರು ಏನನ್ನು ಯೋಚಿಸಿ ಕಟ್ಟುತ್ತಿದ್ದರು, ಅದರಲ್ಲಿ ಯಾವುದನ್ನು ನಾವು ಉಳಿಸಿಕೊಂಡಿದ್ದೇವೆ, ಯಾವುದನ್ನು ಕಳೆದುಕೊಂಡಿದ್ದೇವೆ ಎಂಬುದನ್ನು ತಿಳಿಯದೆ ನೆಲಮಾಳಿಗೆಯ ನಕ್ಷೆ ಬರೆದರೆ ಹಳ್ಳ ಮಾತ್ರ ನಮ್ಮದಾಗುತ್ತದೆ, ಗರಡಿ ಆಗುವುದಿಲ್ಲ.

ಮೊದಲು ಮಾತಿನಿಂದಲೇ ಆರಂಭಿಸೋಣ. ಹಳೆಯ ಕನ್ನಡದಲ್ಲಿ ಇದು ‘ಗರುಡಿ’. ಕುಸ್ತಿ ಮಾತ್ರವಲ್ಲ, ಶಸ್ತ್ರವಿದ್ಯೆಯನ್ನು ಕಲಿಸುತ್ತಿದ್ದ ಜಾಗವೂ ಅದೇ. ತುಳುನಾಡಿನಲ್ಲಿ ಕೋಟಿ ಚೆನ್ನಯರ ಗುಡಿಗಳಿಗೆ ಇಂದಿಗೂ ಗರಡಿ ಎಂದೇ ಹೆಸರು. ವೀರರು ಪಳಗಿದ ಸ್ಥಳವೇ ಅವರನ್ನು ಪೂಜಿಸುವ ಸ್ಥಳದ ಹೆಸರೂ ಆಯಿತು. ನಾವು ದಿನಬಳಕೆಯಲ್ಲಿ ಆಡುವ ಮಾತುಗಳನ್ನೇ ನೋಡಿ. ಒಬ್ಬ ಸಂಗೀತಗಾರನ ಬಗ್ಗೆ "ಇಂಥವರ ಗರಡಿಯಲ್ಲಿ ಪಳಗಿದವರು" ಎನ್ನುತ್ತೇವೆ. ಎದುರಾಳಿಯನ್ನು "ಮಣ್ಣು ಮುಕ್ಕಿಸಿದ" ಎನ್ನುತ್ತೇವೆ. ಹಟ ಹಿಡಿದವನು "ಪಟ್ಟು ಬಿಡಲಿಲ್ಲ" ಎನ್ನುತ್ತೇವೆ. ಚುನಾವಣೆಗೆ ನಿಂತವರು ಅಖಾಡಕ್ಕೆ "ಇಳಿಯುತ್ತಾರೆಯೇ" ಹೊರತು ಏರುವುದಿಲ್ಲ. ಕುಸ್ತಿಯ ಕಣ ತಗ್ಗಿನಲ್ಲಿತ್ತು ಎಂಬ ನೆನಪು ಮಾತಿನಲ್ಲಿ ಹಾಗೆಯೇ ಉಳಿದಿದೆ.

ಕನ್ನಡ ನಾಡಿನಲ್ಲಿ ಮಲ್ಲವಿದ್ಯೆಗೆ ಎಂಥ ಗೌರವವಿತ್ತೆಂದರೆ ಕಲ್ಯಾಣದ ಚಾಲುಕ್ಯ ಅರಸರು ತಮ್ಮ ಬಿರುದುಗಳಲ್ಲೇ ‘ಮಲ್ಲ’ ಶಬ್ದವನ್ನು ಧರಿಸಿದರು. ಒಂದನೆಯ ಸೋಮೇಶ್ವರ ಆಹವಮಲ್ಲ, ಆರನೆಯ ವಿಕ್ರಮಾದಿತ್ಯ ತ್ರಿಭುವನಮಲ್ಲ, ಅವನ ಮಗ ಮೂರನೆಯ ಸೋಮೇಶ್ವರ ಭೂಲೋಕಮಲ್ಲ. ಈ ಮೂರನೆಯ ಸೋಮೇಶ್ವರನೇ ೧೧೨೯ರಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ಸಂಕಲಿಸಿದವನು. ಅಡುಗೆಯಿಂದ ಆನೆ ಹಿಡಿಯುವವರೆಗೆ ನೂರು ಅಧ್ಯಾಯಗಳಿರುವ ಈ ವಿಶ್ವಕೋಶದಲ್ಲಿ ‘ಮಲ್ಲವಿನೋದ’ವೆಂಬ ಭಾಗವೊಂದಿದೆ. ಮಲ್ಲರನ್ನು ವಯಸ್ಸು ಮತ್ತು ಸಾಮರ್ಥ್ಯಗಳ ಪ್ರಕಾರ ದರ್ಜೆಗಳಾಗಿ ವಿಂಗಡಿಸಿ, ಅವರ ಆಹಾರ, ಅಭ್ಯಾಸ, ಪಟ್ಟುಗಳನ್ನು ಅಲ್ಲಿ ಹೇಳಲಾಗಿದೆ. ಅಭ್ಯಾಸಗಳಿಗೆ ‘ಶ್ರಮ’ ಎಂದು ಹೆಸರು. ಮರಳಿನ ಚೀಲ ಹೊರುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ನೀರಿನಲ್ಲಿ ಈಜುವುದು ಸಲಿಲಶ್ರಮ, ಕಂಬವನ್ನು ಹಿಡಿದು ಮಾಡುವುದು ಸ್ತಂಭಶ್ರಮ. ಇಂದಿನ ಜಿಮ್‌ನ ವೇಳಾಪಟ್ಟಿಯಲ್ಲಿ ಇಂಗ್ಲಿಷ್ ಹೆಸರುಗಳಿಂದ ಕಾಣುವ ಬಹುತೇಕ ಅಂಶಗಳು ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ ಒಂಬೈನೂರು ವರ್ಷಗಳ ಹಿಂದೆ ಪಟ್ಟಿಯಾಗಿದ್ದವು ಎಂದರೆ ಅತಿಶಯೋಕ್ತಿಯಾಗಲಾರದು.

ಮನೆಯಲ್ಲೇ ವ್ಯಾಯಾಮ ಮಾಡುವುದಕ್ಕೂ ನಮ್ಮಲ್ಲಿ ಹಳೆಯ ನಿದರ್ಶನವಿದೆ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುನ್ನವೇ ಎದ್ದು ರಾಯನು ಎಳ್ಳೆಣ್ಣೆ ಕುಡಿಯುತ್ತಿದ್ದ, ಅದೇ ಎಣ್ಣೆಯನ್ನು ಮೈಗೂ ಹಚ್ಚಿಸಿಕೊಳ್ಳುತ್ತಿದ್ದ. ಮಣ್ಣಿನಿಂದ ಮಾಡಿದ ಭಾರವಾದ ತೂಕಗಳನ್ನು ತೋಳಿನಿಂದ ಎತ್ತುತ್ತಿದ್ದ. ಆಮೇಲೆ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ವರಸೆ, ನಂತರ ತನ್ನ ಮಲ್ಲರಲ್ಲಿ ಒಬ್ಬನೊಡನೆ ಕುಸ್ತಿ, ನಂತರ ಬೆಳಗಾಗುವವರೆಗೆ ಕುದುರೆ ಸವಾರಿ. ಚಕ್ರವರ್ತಿಯ ಈ ಖಾಸಗಿ ಸಾಮಿನಲ್ಲೂ ಒಬ್ಬ ಎದುರಾಳಿ ಇದ್ದನೆಂಬುದನ್ನು ಗಮನಿಸಬೇಕು. ತೂಕ ಎತ್ತುವುದು ಒಂಟಿಯಾಗಿ ಆಗಬಹುದು, ಕುಸ್ತಿಗೆ ಇನ್ನೊಬ್ಬ ಬೇಕೇ ಬೇಕು. ಕೆಲವು ವರ್ಷಗಳ ಅನಂತರ ಬಂದ ನೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸನು ಅರಮನೆಯಲ್ಲಿ ಕುಸ್ತಿ ಮಾಡುವ ಹೆಂಗಸರೂ ಇದ್ದರೆಂದು ಬರೆದಿದ್ದಾನೆ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಇನ್ನು ಅರಸರಲ್ಲದವರ ಗರಡಿಯ ಕಡೆ ಬರೋಣ. ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಬೆಳೆದವರಿಗೆ ಅದರ ಚಿತ್ರ ಕಣ್ಣಿಗೆ ಕಟ್ಟಿದಂತಿರುತ್ತದೆ. ದಪ್ಪ ಗೋಡೆ, ಹೆಂಚಿನ ಮಾಡು, ತಲೆ ಬಗ್ಗಿಸದೆ ಒಳಹೋಗಲಾಗದಷ್ಟು ಗಿಡ್ಡ ಬಾಗಿಲು. ಗೋಡೆಯ ಮೇಲ್ಭಾಗದಲ್ಲಿ ಒಂದೆರಡು ಸಣ್ಣ ಗವಾಕ್ಷಿ. ಹಳೆಯ ಗರಡಿಗಳಲ್ಲಿ ಹಲವಕ್ಕೆ ಒಳಗಿನ ನೆಲ ಬೀದಿಯ ಮಟ್ಟಕ್ಕಿಂತ ತಗ್ಗು. ಮೆಟ್ಟಿಲಿಳಿದು ಹೋದರೆ ನಡುವೆ ಮಟ್ಟಿ, ಅಂದರೆ ಜರಡಿ ಹಿಡಿದು ನಯವಾಗಿಸಿದ ಕೆಮ್ಮಣ್ಣಿನ ಕಣ. ಆ ಮಣ್ಣಿಗೆ ಎಣ್ಣೆ, ಅರಿಸಿನ, ಮಜ್ಜಿಗೆ, ನಿಂಬೆರಸ ಇತ್ಯಾದಿಗಳನ್ನು ಬೆರೆಸಿ ಹದ ಮಾಡುತ್ತಾರೆ. ಒಂದು ಗೋಡೆಗೆ ಆಂಜನೇಯನ ಅಥವಾ ಗರಡಿಯವರು ನಂಬಿದ ದೇವರ ಪಟ, ಮುಂದೆ ದೀಪ. ಇನ್ನೊಂದು ಮೂಲೆಯಲ್ಲಿ ಗದೆ, ಕರೇಲ, ಎತ್ತುವ ಕಲ್ಲುಗುಂಡು. ಇಷ್ಟೇ ಸಲಕರಣೆ. ನಾನು ಹುಡುಗನಾಗಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಅಂಥದೊಂದು ಬಾಗಿಲಿನ ಮುಂದೆ ಹಾದುಹೋಗುವಾಗ ಒಳಗಿನಿಂದ ತಂಪಾದ ಮಣ್ಣು, ಎಣ್ಣೆ, ಕರ್ಪೂರ ಕೂಡಿದ ವಾಸನೆ ಬರುತ್ತಿತ್ತು. ಆ ವಾಸನೆಯ ಹಿಂದೆ ಇಷ್ಟೊಂದು ವಿಜ್ಞಾನವಿದೆಯೆಂದು ತಿಳಿಯಲು ಬಿ.ಎಸ್ಸಿ. ಓದಬೇಕಾಯಿತು.

ಮೊದಲನೆಯದು ತಂಪು. ನೆಲದ ಮೇಲ್ಮೈ ಹಗಲು ಕಾಯುತ್ತದೆ, ರಾತ್ರಿ ಆರುತ್ತದೆ. ಆದರೆ ಮಣ್ಣು ಶಾಖವನ್ನು ಬಹು ನಿಧಾನವಾಗಿ ಸಾಗಿಸುವ ವಸ್ತುವಾದ್ದರಿಂದ ಅರ್ಧ ಮೀಟರು, ಒಂದು ಮೀಟರು ಕೆಳಗೆ ಹೋಗುವಷ್ಟರಲ್ಲಿ ಈ ದಿನನಿತ್ಯದ ಏರಿಳಿತ ಬಹುಮಟ್ಟಿಗೆ ಅಡಗಿಬಿಡುತ್ತದೆ. ದಪ್ಪ ಮಣ್ಣಿನ ಗೋಡೆಯೂ ಅದೇ ಕೆಲಸ ಮಾಡುತ್ತದೆ. ಎರಡನೆಯದು ಗಾಳಿ. ಬೆವರಿದ ಮೈಗೆ ನೇರವಾಗಿ ಬೀಸುಗಾಳಿ ಬಡಿಯಬಾರದೆಂಬುದು ಗರಡಿಯ ಕಟ್ಟಳೆ. ಹಾಗೆಂದು ಕೋಣೆ ಉಸಿರು ಕಟ್ಟಬಾರದು. ಬಾಗಿಲು ಕೆಳಗೆ, ಗವಾಕ್ಷಿ ಮೇಲೆ ಇರುವುದರಿಂದ ಬಿಸಿ ಗಾಳಿ ಹಗುರವಾಗಿ ಮೇಲಿನಿಂದ ಹೊರಹೋಗುತ್ತದೆ, ಅದರ ಜಾಗಕ್ಕೆ ಬಾಗಿಲಿನಿಂದಲೂ ಹೆಂಚಿನ ಸಂದಿಗಳಿಂದಲೂ ಹೊಸ ಗಾಳಿ ಮೆಲ್ಲಗೆ ಬರುತ್ತದೆ. ಮೂರನೆಯದು ಮಣ್ಣಿನ ಮೆತ್ತನೆ. ಬೀಳುವ ಮೈ ನಿಲ್ಲುವುದಕ್ಕೆ ಸಿಗುವ ದೂರ ಎರಡರಷ್ಟಾದರೆ ಪೆಟ್ಟಿನ ಸರಾಸರಿ ಬಲ ಅರ್ಧಕ್ಕಿಳಿಯುತ್ತದೆ. ಅದಕ್ಕಾಗಿಯೇ ಮಟ್ಟಿಯನ್ನು ಆಗಾಗ ಗುದ್ದಲಿಯಿಂದ ಅಗೆದು ಸಡಿಲಿಸುತ್ತಾರೆ. ಆ ಅಗೆತ ಹೊಸ ಹುಡುಗರ ಪಾಲಿನ ಕೆಲಸ, ಅದೇ ಅವರ ಮೊದಲ ಪಾಠ, ಅದೇ ಅವರ ಮೊದಲ ವ್ಯಾಯಾಮ.

ಇನ್ನುಳಿದದ್ದು ಬಾಗಿಲು. ಅದು ಗಿಡ್ಡವಾಗಿರುವುದಕ್ಕೆ ಗಾಳಿ ತಡೆಯುವುದು ಒಂದು ಕಾರಣವಾದರೆ, ಒಳಗೆ ಕಲಿಸುವ ಪಟ್ಟುಗಳು ಬೀದಿಯವರ ಕಣ್ಣಿಗೆ ಬೀಳದಿರಲಿ ಎಂಬುದು ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾದದ್ದು ವಿನಯ. ಎಂಥ ಹೆಸರಾಂತ ಪೈಲ್ವಾನನಾದರೂ ಒಳಗೆ ಬರುವಾಗ ಬಗ್ಗಲೇಬೇಕು, ಮಟ್ಟಿಯನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳಲೇಬೇಕು.

ವಿಶೇಷವೆಂದರೆ ಇದೇ ನಕ್ಷೆ ಇರಾನಿನಲ್ಲೂ ಕಾಣುತ್ತದೆ. ಅಲ್ಲಿ ಅದರ ಹೆಸರು ಜೂರ್‌ಖಾನೆ, ಎಂದರೆ ಬಲದ ಮನೆ. ಸಾಂಪ್ರದಾಯಿಕ ಜೂರ್‌ಖಾನೆಗೆ ಬಾಗಿ ಒಳಹೋಗಬೇಕಾದ ಗಿಡ್ಡ ಬಾಗಿಲು, ಮೇಲೆ ಬೆಳಕಿಂಡಿಯುಳ್ಳ ಗುಮ್ಮಟ, ನಡುವೆ ಎಂಟು ಮೂಲೆಯ ತಗ್ಗಾದ ಕಣ. ಎತ್ತರದ ಪೀಠದಲ್ಲಿ ಕುಳಿತ ಮುರ್ಶಿದನು ಡೋಲು ಬಾರಿಸುತ್ತ ಕಾವ್ಯ ಹಾಡುತ್ತಾನೆ, ಅದರ ಲಯಕ್ಕೆ ಕಣದಲ್ಲಿರುವವರು ಮರದ ಗದೆಗಳನ್ನು ತಿರುಗಿಸುತ್ತಾರೆ. ೨೦೧೦ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ‘ಪೈಲ್ವಾನ’ ಪಾರಸಿಯ ಪಹಲವಾನ್. ‘ಉಸ್ತಾದ’ನೂ ಪಾರಸಿಯವನೇ. ‘ಕಸರತ್ತು’, ‘ತಾಲೀಮು’ ಅರಬ್ಬಿಯಿಂದ ಬಂದವು. ಅದೇ ಗರಡಿಯಲ್ಲಿ ‘ಸಾಮು’, ‘ಪಟ್ಟು’, ‘ಮಟ್ಟಿ’ ಕೂಡ ಇವೆ. ‘ಜಟ್ಟಿ’ ಎಂಬ ಮಾತು ಸಂಸ್ಕೃತದ ಜ್ಯೇಷ್ಠಿಮಲ್ಲದಿಂದ ಬಂತೆನ್ನುತ್ತಾರೆ. ಗರಡಿಯ ಮಣ್ಣಿನಲ್ಲಿ ಬೆರೆತಷ್ಟು ಸಹಜವಾಗಿ ಭಾಷೆಗಳು ಬೇರೆಡೆ ಬೆರೆತದ್ದು ಅಪರೂಪ. ಮೈಸೂರಿನಲ್ಲಿ ಹಿಂದೂ ಮುಸ್ಲಿಂ ಪೈಲ್ವಾನರು ಒಂದೇ ಮಣ್ಣು ಮೆತ್ತಿಕೊಂಡು ಬೆಳೆದದ್ದಕ್ಕೆ ಈ ಶಬ್ದಗಳೇ ಸಾಕ್ಷಿ.

ಮೈಸೂರು ಅರಸರ ಆಶ್ರಯ ಗರಡಿಗಳ ಬೆನ್ನೆಲುಬಾಗಿತ್ತು. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ ಉತ್ಸವದಲ್ಲಿ ಕುಸ್ತಿಗೆ ಸ್ಥಾನವಿತ್ತು. ೧೬೩೮ರಿಂದ ೧೬೫೯ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಸ್ವತಃ ಮಲ್ಲರೆಂದು ಹೆಸರಾದವರು. ಮಾರುವೇಷದಲ್ಲಿ ತಿರುಚಿರಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಸೋಲಿಸಿದ ಅವರ ಕಥೆಯನ್ನು ಕೇಳದೆ ಬೆಳೆದ ಮೈಸೂರಿಗರು ಕಡಿಮೆ. ಇಂದಿಗೂ ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಜಟ್ಟಿಗಳು ವಜ್ರಮುಷ್ಟಿ ಕಾಳಗ ನಡೆಸುತ್ತಾರೆ, ಮೊದಲ ಹನಿ ರಕ್ತ ಕಂಡೊಡನೆ ಅದು ಮುಗಿಯುತ್ತದೆ. ದಸರಾ ಕುಸ್ತಿಗೆ ಮುನ್ನ ‘ಜೋಡಿ ಕಟ್ಟುವ’ ಕಾರ್ಯಕ್ರಮವೂ ನಡೆಯುತ್ತದೆ. ಸರಿಸಮಾನರಾದ ಇಬ್ಬರನ್ನು ಹುಡುಕಿ ಎದುರುಬದುರು ನಿಲ್ಲಿಸುವುದು ಹಿರಿಯ ಉಸ್ತಾದರ ಕೆಲಸ. ಜೋಡಿ ಸರಿಯಿಲ್ಲದ ಕುಸ್ತಿ ಕುಸ್ತಿಯಲ್ಲವೆಂಬುದು ಗರಡಿಯ ನ್ಯಾಯ. ಉತ್ತರ ಕರ್ನಾಟಕದ ಗರಡಿಗಳಿಗೆ ನೆರೆಯ ಕೊಲ್ಲಾಪುರ ಇಂಥದೇ ಆಸರೆಯಾಗಿತ್ತು. ಅಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನ ೧೯೧೨ರಲ್ಲಿ ಆರಂಭವಾಯಿತು.

ಹಾಗಾದರೆ ಈ ತಗ್ಗಿನ ಮನೆಯಿಂದ ಕನ್ನಡಿಯ ಕೋಣೆಗೆ ನಾವು ಬಂದದ್ದು ಹೇಗೆ? ಇದರ ಹಿಂದೆ ಒಂದು ಸ್ವಾರಸ್ಯದ ಕೊಡುಕೊಳ್ಳುವಿಕೆಯ ಕಥೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಸೈನ್ಯದವರು ನಮ್ಮ ಕರೇಲಗಳನ್ನು ಕಂಡು ಮೆಚ್ಚಿ ಅವನ್ನು ‘ಇಂಡಿಯನ್ ಕ್ಲಬ್’ ಎಂಬ ಹೆಸರಿನಿಂದ ತಮ್ಮ ದೇಶಕ್ಕೆ ಒಯ್ದರು. ಅಲ್ಲಿಂದ ಅವು ಅಮೆರಿಕಕ್ಕೆ ಹೋಗಿ, ೧೯೦೪ರ ಸೇಂಟ್ ಲೂಯಿಸ್ ಮತ್ತು ೧೯೩೨ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧೆಯ ವಸ್ತುವೂ ಆದವು. ಅತ್ತ ಯುರೋಪಿನಲ್ಲಿ ೧೮೬೭ರಲ್ಲಿ ಹುಟ್ಟಿದ ಯೂಜೆನ್ ಸ್ಯಾಂಡೋ ಎಂಬ ಜಟ್ಟಿ ವ್ಯಾಯಾಮವನ್ನು ಒಂದು ವ್ಯಾಪಾರವನ್ನಾಗಿ ಬೆಳೆಸಿದ. ಲಂಡನ್ನಿನಲ್ಲಿ ಸಂಸ್ಥೆ ತೆರೆದ, ಪತ್ರಿಕೆ ನಡೆಸಿದ, ಸ್ಪ್ರಿಂಗ್ ಅಳವಡಿಸಿದ ಡಂಬೆಲ್ಲುಗಳನ್ನು ಮಾರಿದ, ಅಂಚೆಯ ಮೂಲಕ ಪಾಠ ಕಳಿಸಿದ. ೧೯೦೧ರಲ್ಲಿ ಅವನು ಲಂಡನ್ನಿನಲ್ಲಿ ನಡೆಸಿದ ದೇಹದಾರ್ಢ್ಯ ಸ್ಪರ್ಧೆಗೆ ಷರ್ಲಾಕ್ ಹೋಮ್ಸ್ ಕಥೆಗಳ ಕರ್ತೃ ಕಾನನ್ ಡಾಯ್ಲ್ ಒಬ್ಬ ತೀರ್ಪುಗಾರ. ಉಸ್ತಾದನ ಮುಂದೆ ನಿಂತು ಕಲಿಯಬೇಕಿದ್ದುದನ್ನು ಈಗ ಕೋಣೆಯ ಬಾಗಿಲು ಮುಚ್ಚಿ ಕನ್ನಡಿಯ ಮುಂದೆ ನಿಂತು ಕಲಿಯಬಹುದಾಯಿತು. ಮನೆಯ ಜಿಮ್ ಎಂಬ ಕಲ್ಪನೆ ಜನಸಾಮಾನ್ಯರಿಗೆ ದೊರೆತದ್ದು ಹೀಗೆ. ೧೯೦೪–೦೫ರಲ್ಲಿ ಸ್ಯಾಂಡೋ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟ. ನಮ್ಮ ತಾತಂದಿರ ಕಾಲದಲ್ಲಿ ಮೈ ಬೆಳೆಸಿದವನನ್ನು ‘ಸ್ಯಾಂಡೋ’ ಎಂದು ಕರೆಯುತ್ತಿದ್ದುದೂ, ತೋಳಿಲ್ಲದ ಬನಿಯನ್ನಿಗೆ ಇಂದಿಗೂ ಆ ಹೆಸರು ಉಳಿದಿರುವುದೂ ಅವನಿಂದಲೇ.

ಈ ಹೊಸ ಅಲೆಯನ್ನು ಕನ್ನಡ ನಾಡಿನಲ್ಲಿ ಅರಗಿಸಿಕೊಂಡವರು ಬೆಂಗಳೂರಿನ ಕೆ.ವಿ. ಅಯ್ಯರ್. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ನಮ್ಮ ಓದುಗರಲ್ಲಿ ಹಲವರು ಅವರನ್ನು ಬಲ್ಲರು. ದೇಹದಾರ್ಢ್ಯದಲ್ಲಿ ಅವರು ದೇಶದಾಚೆಗೂ ಹೆಸರಾದವರು. ಪಾಶ್ಚಾತ್ಯರ ಕಬ್ಬಿಣದ ತೂಕಗಳನ್ನೂ ನಮ್ಮ ಸೂರ್ಯನಮಸ್ಕಾರ, ಆಸನಗಳನ್ನೂ ಕೂಡಿಸಿ ಕಲಿಸಿದರು, ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, ಅಂಚೆಯ ಮೂಲಕ ಪಾಠವನ್ನೂ ನಡೆಸಿದರು. ಆದರೆ ಅವರ ವ್ಯಾಯಾಮಶಾಲೆ ಒಂಟಿಗರ ಕೋಣೆಯಾಗಿ ಉಳಿಯಲಿಲ್ಲ. ಟಿ.ಪಿ. ಕೈಲಾಸಂ ಅವರಂಥವರು ಬಂದು ಕೂರುವ, ನಾಟಕ ಹುಟ್ಟುವ, ಗೆಳೆತನ ಬೆಳೆಯುವ ಜಾಗವಾಯಿತು. ಉಪಕರಣ ಸ್ಯಾಂಡೋನದಾದರೂ ಮನೆ ಗರಡಿಯದೇ ಆಗಿತ್ತು ಎನ್ನಬೇಕು. ಹೊಸದನ್ನು ತೆಗೆದುಕೊಳ್ಳುವಾಗ ಹಳೆಯದರಲ್ಲಿ ಯಾವುದನ್ನು ಬಿಡಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರುವುದಿಲ್ಲ.

ಆಮೇಲಿನ ಕಥೆ ಬೇಗ ಮುಗಿಯುತ್ತದೆ. ೧೯೭೧ರಲ್ಲಿ ಸಂವಿಧಾನದ ೨೬ನೆಯ ತಿದ್ದುಪಡಿಯಿಂದ ರಾಜಧನ ರದ್ದಾಯಿತು. ಪ್ರಜಾಪ್ರಭುತ್ವಕ್ಕೆ ಅದು ತಕ್ಕದ್ದೇ, ಆದರೆ ಅರಮನೆಯನ್ನು ನೆಚ್ಚಿದ್ದ ಪೈಲ್ವಾನರಿಗೆ ಆಸರೆ ತಪ್ಪಿತು. ಅಂತರರಾಷ್ಟ್ರೀಯ ಕುಸ್ತಿ ಮಣ್ಣಿನಿಂದ ಮ್ಯಾಟಿನ ಮೇಲೆ ಹೋಯಿತು. ಮಣ್ಣಿನಲ್ಲಿ ಪಳಗಿದ್ದ ಖಾಶಾಬಾ ಜಾಧವರು ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟಿಗೆ ಹೊಂದಿಕೊಳ್ಳಲು ಪಾಡುಪಟ್ಟು ಆರನೆಯವರಾದರು, ನಾಲ್ಕು ವರ್ಷಗಳ ಮೇಲೆ ಹೆಲ್ಸಿಂಕಿಯಲ್ಲಿ ಕಂಚು ತಂದರು. ಎಲ್ಲರಿಗೂ ಅಂಥ ಎರಡನೆಯ ಅವಕಾಶ ಸಿಗಲಿಲ್ಲ. ಮೈಸೂರಿನಲ್ಲೂ ಧಾರವಾಡ, ಬೆಳಗಾವಿ, ಬಾಗಲಕೋಟೆಗಳ ಕಡೆಯೂ ಮಟ್ಟಿ ಅಗೆಯುವ ಗರಡಿಗಳು ಇನ್ನೂ ಇವೆ. ಬೀಗ ಬಿದ್ದವೂ ಇವೆ, ಮಳಿಗೆಗಳಾಗಿ ಮಾರ್ಪಟ್ಟವೂ ಇವೆ.

ಹೀಗೆಂದು ಗರಡಿಯನ್ನು ಸ್ವರ್ಗವೆಂದು ಬಣ್ಣಿಸುವುದು ನನ್ನ ಉದ್ದೇಶವಲ್ಲ. ನೂನಿಜ್ ಕಂಡ ವಿಜಯನಗರದಲ್ಲಿ ಹೆಂಗಸರು ಕುಸ್ತಿ ಮಾಡುತ್ತಿದ್ದರೂ ನಮ್ಮ ಅಜ್ಜಿಯರ ಕಾಲದ ಗರಡಿಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಈಚೆಗೆ ದಸರಾ ಕುಸ್ತಿಯಲ್ಲಿ ಹುಡುಗಿಯರೂ ತೊಡೆ ತಟ್ಟುತ್ತಿದ್ದಾರೆಂಬುದು ಸಂತೋಷದ ಸಂಗತಿ. ಆದರೂ ದೆಹಲಿಯಂಥ ಊರಿನಲ್ಲಿ ಬೆಳಗಿನ ಜಾವ ಒಂಟಿಯಾಗಿ ಹೊರಗೆ ಓಡಲು ಹಿಂಜರಿಯುವ ಮಗಳಿಗೂ, ಸಾರ್ವಜನಿಕ ಜಿಮ್‌ನಲ್ಲಿ ಸಂಕೋಚಪಡುವ ಅತ್ತೆಯವರಿಗೂ, ನವೆಂಬರಿನ ಹೊಗೆಯಲ್ಲಿ ಉದ್ಯಾನಕ್ಕೆ ಹೋಗಲಾಗದ ತಂದೆಯವರಿಗೂ ಮನೆಯೊಳಗಿನ ವ್ಯಾಯಾಮದ ಕೋಣೆ ನಿಜವಾದ ಉಪಕಾರ. ಆದ್ದರಿಂದ ನೆಲಮಾಳಿಗೆಯಲ್ಲಿ ಜಿಮ್ ಬೇಡವೆಂದು ಹೇಳಲಾರೆ. ಮಾಡುವುದಾದರೆ ಗರಡಿ ಕಟ್ಟಿದವರು ಯೋಚಿಸಿದ ನಾಲ್ಕು ವಿಷಯಗಳನ್ನು ನಾವೂ ಯೋಚಿಸಬೇಕು ಎನ್ನುತ್ತೇನೆ.

ಒಂದು, ಗಾಳಿ. ಉತ್ತರ ಕರ್ನಾಟಕದ ಓದುಗರಿಗೆ ಹಗೇವು ಗೊತ್ತು. ಜೋಳ ತುಂಬಿಡುವ ಆ ನೆಲದೊಳಗಿನ ಕಣಜವನ್ನು ತೆರೆದ ಕೂಡಲೇ ಯಾರೂ ಒಳಗಿಳಿಯುವುದಿಲ್ಲ. ಮೊದಲು ದೀಪ ಇಳಿಬಿಟ್ಟು ನೋಡುತ್ತಾರೆ, ಅದು ಆರಿದರೆ ಕಾಯುತ್ತಾರೆ. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾಗಿ ತಗ್ಗಿನಲ್ಲೇ ನಿಲ್ಲುತ್ತದೆಂಬ ಪಾಠವನ್ನು ನಮ್ಮ ರೈತರು ರಸಾಯನಶಾಸ್ತ್ರ ಓದದೆಯೇ ಬಲ್ಲರು. ನೆಲಮಾಳಿಗೆಯ ಜಿಮ್ ಹಗೇವಿನಷ್ಟು ಅಪಾಯದ್ದಲ್ಲ, ನಿಜ. ಆದರೆ ಸುಮ್ಮನೆ ಕುಳಿತಾಗ ನಿಮಿಷಕ್ಕೆ ಆರರಿಂದ ಎಂಟು ಲೀಟರ್ ಗಾಳಿ ಸಾಕಾಗುವ ಮನುಷ್ಯನಿಗೆ ಕಠಿಣ ವ್ಯಾಯಾಮದಲ್ಲಿ ಅದರ ಹತ್ತುಪಟ್ಟಿಗೂ ಮಿಗಿಲು ಬೇಕಾಗುತ್ತದೆ. ಹೊರಗಿನ ಗಾಳಿಗಿಂತ ಅವನು ಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು ನೂರುಪಟ್ಟು. ಬೆವರಿನ ತೇವವೂ ಅಲ್ಲೇ ನಿಂತು ಗೋಡೆಗೆ ಬೂಷ್ಟು ಹಿಡಿಸುತ್ತದೆ. ಏರ್ ಕಂಡಿಷನರ್ ಇದ್ದರೆ ಸಾಕೆಂಬುದು ಸರಿಯಲ್ಲ. ಮನೆಗಳಲ್ಲಿ ಹಾಕಿಸುವ ಸಾಮಾನ್ಯ ಯಂತ್ರ ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ. ಹೊಲಸು ಗಾಳಿ ಹೊರಹಾಕುವ ಫ್ಯಾನು ಒಂದು ಕಡೆ, ಹೊಸ ಗಾಳಿ ಬರುವ ದಾರಿ ಎದುರು ಕಡೆ, ಎರಡೂ ಬೇಕು. ಗರಡಿಯ ಗವಾಕ್ಷಿ ಹೇಳುವುದೂ ಇದನ್ನೇ.

ಎರಡು, ನೀರು. ನಮ್ಮ ಗರಡಿಗಳು ಎತ್ತರದ ಜಾಗ ನೋಡಿ, ನಾಲ್ಕು ಅಡಿ ಅಗೆದರೂ ಮಳೆನೀರು ನುಗ್ಗದಂತೆ ಹೊಸ್ತಿಲು ಏರಿಸಿ ಕಟ್ಟಿದವು. ದೆಹಲಿಯ ನೆಲಮಾಳಿಗೆ ಹಾಗಲ್ಲ, ಅದರ ನೆಲ ಹತ್ತಡಿಯ ಕೆಳಗೆ. ೨೦೨೪ರ ಜುಲೈ ೨೭ರ ಸಂಜೆ ಹಳೆಯ ರಾಜೇಂದ್ರ ನಗರದಲ್ಲಿ ತರಬೇತಿ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ, ಐ.ಎ.ಎಸ್. ಕನಸು ಹೊತ್ತು ದೂರದ ಊರುಗಳಿಂದ ಬಂದಿದ್ದ ಮೂವರು ಮಕ್ಕಳು ಪ್ರಾಣ ಬಿಟ್ಟರು. ಸಾಮಾನು ಇಡಲೆಂದು ಅನುಮತಿ ಪಡೆದ ಜಾಗದಲ್ಲಿ ಗ್ರಂಥಾಲಯ ನಡೆಯುತ್ತಿತ್ತು. ನಮ್ಮಲ್ಲಿ ಎಷ್ಟು ಮನೆಗಳ ಮಕ್ಕಳು ಅಂಥ ಪರೀಕ್ಷೆಗಳಿಗೆ ಕೂತಿದ್ದಾರೆಂಬುದನ್ನು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ನಕ್ಷೆಯಲ್ಲಿ ನೆಲಮಾಳಿಗೆಗೆ ಯಾವ ಉಪಯೋಗಕ್ಕೆ ಮಂಜೂರಾತಿ ಇದೆ, ನೀರು ಬಂದರೆ ಎತ್ತಿ ಹಾಕುವ ಪಂಪು ಇದೆಯೇ, ವಿದ್ಯುತ್ ಹೋದರೂ ಕೈಯಿಂದ ತೆರೆಯಬಲ್ಲ ಬಾಗಿಲಿದೆಯೇ, ಹೊರಬರಲು ಎರಡನೆಯ ದಾರಿಯಿದೆಯೇ ಎಂಬುದನ್ನು ಟ್ರೆಡ್‌ಮಿಲ್ ಕೊಳ್ಳುವ ಮುನ್ನ ನೋಡಬೇಕು. ಕಚೇರಿಯಲ್ಲಿ ಕಡತ ನೋಡುವ ನಾವು ಮನೆಯ ಕಡತವನ್ನು ಓದದಿದ್ದರೆ ಹೇಗೆ?

ಮೂರು, ಅಳತೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ನೆಲಮಾಳಿಗೆಯ ಕನಿಷ್ಠ ಎತ್ತರ ೨.೪ ಮೀಟರು. ೧೭೫ ಸೆಂಟಿಮೀಟರ್ ಎತ್ತರದ ಯುವಕ ನಿಂತು ಕೈ ಮೇಲೆತ್ತಿದರೆ ಮುಷ್ಟಿ ೨.೧ ಮೀಟರಿನಷ್ಟು ಎತ್ತರಕ್ಕೆ ಹೋಗುತ್ತದೆ. ಆ ಮುಷ್ಟಿಯಲ್ಲಿರುವ ಸರಳಿಗೆ ೪೫ ಸೆಂಟಿಮೀಟರ್ ವ್ಯಾಸದ ತೂಕದ ಬಿಲ್ಲೆ ಸಿಕ್ಕಿಸಿದ್ದರೆ ಅದು ಇನ್ನೂ ೨೨ ಸೆಂಟಿಮೀಟರ್ ಮೇಲೆ ಚಾಚುತ್ತದೆ. ಅಲ್ಲಿಗೆ ೨.೩ ಮೀಟರು ದಾಟಿತು. ತೊಲೆಯೋ ದೀಪವೋ ಅಡ್ಡವಿದ್ದರೆ ಮುಗಿಯಿತು. ಸರಳಿನ ಉದ್ದವೇ ೨.೨ ಮೀಟರು, ಎರಡು ಪಕ್ಕದಲ್ಲೂ ಒಬ್ಬರು ನಿಲ್ಲುವಷ್ಟು ಜಾಗ ಬಿಡಬೇಕು. ನೆಲಕ್ಕೆ ಅಮೃತಶಿಲೆ, ಟೈಲ್ಸ್ ಬೇಡ, ದಪ್ಪ ರಬ್ಬರಿನ ಹಾಸು ಇರಲಿ. ಅದು ನಮ್ಮ ಕಾಲದ ಮಟ್ಟಿ.

ನಾಲ್ಕನೆಯದು ಯಾವ ನಕ್ಷೆಯಲ್ಲೂ ಬರುವುದಿಲ್ಲ. ಗರಡಿಯಲ್ಲಿ ಯಾರೂ ಒಂಟಿಯಲ್ಲ. ತಪ್ಪು ಪಟ್ಟು ಹಾಕಿ ಕತ್ತು ಸಿಕ್ಕಿಕೊಂಡವನನ್ನು ಬಿಡಿಸಲು ಉಸ್ತಾದನಿದ್ದ, ಹುರುಪಿನಲ್ಲಿ ಶಕ್ತಿಮೀರಿ ಕಲ್ಲೆತ್ತಿದವನನ್ನು ಗದರಿಸಲು ಹಿರಿಯರಿದ್ದರು, ಎರಡು ದಿನ ಬಾರದವನ ಮನೆಗೆ ವಿಚಾರಿಸಿಕೊಂಡು ಹೋಗಲು ಜೊತೆಗಾರರಿದ್ದರು. ನೆಲಮಾಳಿಗೆಯಲ್ಲಿ ಬಾಗಿಲು ಮುಚ್ಚಿ, ಕಿವಿಗೆ ಹಾಡು ತುರುಕಿಕೊಂಡು, ಬೆಂಚಿನ ಮೇಲೆ ಅಂಗಾತ ಮಲಗಿ ಭಾರ ಎತ್ತುವ ಹುಡುಗನ ಕೈ ಸೋತರೆ ಆ ಸರಳು ಬೀಳುವುದು ಅವನ ಕತ್ತಿನ ಮೇಲೆ. ಕೂಗಿದರೆ ಎರಡನೆಯ ಮಹಡಿಯ ಅಡುಗೆಮನೆಯಲ್ಲಿರುವ ತಾಯಿಗೆ ಕೇಳುವುದಿಲ್ಲ. ನಲವತ್ತು ದಾಟಿದ ಗಂಡಸರಿಗೆ ಎದೆನೋವು ಬಂದರೂ ಇದೇ ಮಾತು. ಕೃಷ್ಣದೇವರಾಯನಿಗೂ ಬೇಕಾಗಿದ್ದ ಆ ಇನ್ನೊಬ್ಬ ನಮಗೆ ಬೇಡವೆನ್ನುವುದು ಜಾಣತನವಲ್ಲ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಮಾತಿನ ತೂಕ ಇನ್ನೂ ಹೆಚ್ಚು. ಇಲ್ಲಿ ನಮಗೆ ಮೊಹಲ್ಲಾ ಇಲ್ಲ, ಸೋದರಮಾವನ ಮನೆ ಪಕ್ಕದ ಬೀದಿಯಲ್ಲಿಲ್ಲ. ಸಂಘದ ತಿಂಗಳ ಸಭೆ, ರಾಜ್ಯೋತ್ಸವ, ಗಣೇಶ ಚೌತಿ ಬಿಟ್ಟರೆ ಒಬ್ಬರ ಮಕ್ಕಳು ಇನ್ನೊಬ್ಬರ ಮಕ್ಕಳಿಗೆ ಪರಿಚಯವಾಗುವ ಜಾಗಗಳು ಎಷ್ಟಿವೆ? ನೆಲಮಾಳಿಗೆ ಇರುವ ಸದಸ್ಯರು ವಾರದಲ್ಲಿ ಎರಡು ದಿನ ಅದರ ಬಾಗಿಲನ್ನು ಹತ್ತಿರದ ನಾಲ್ಕು ಮನೆಯ ಮಕ್ಕಳಿಗೆ ತೆರೆದರೆ, ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ನೋಡಿಕೊಂಡರೆ, ಬಸ್ಕಿ ಹೊಡೆಯುವಾಗ ಒಂದು, ಎರಡು, ಮೂರು ಎಂದು ಕನ್ನಡದಲ್ಲೇ ಎಣಿಸಿದರೆ, ಹೆಚ್ಚಿನ ಖರ್ಚೇನೂ ಇಲ್ಲ. ಮುಂದಿನ ದಸರೆಗೆ ಊರಿಗೆ ಹೋದಾಗ ಅರಮನೆಯ ದೀಪ ತೋರಿಸುವ ಜೊತೆಗೆ ಮಕ್ಕಳನ್ನು ಒಂದು ಗರಡಿಗೂ ಕರೆದುಕೊಂಡು ಹೋಗಿ, ಉಸ್ತಾದರ ಅಪ್ಪಣೆ ಪಡೆದು ಒಳಗೆ ಬಿಡಿ. ನೆಲ ಯಾಕೆ ತಗ್ಗು, ಗವಾಕ್ಷಿ ಯಾಕೆ ಮೇಲೆ, ಬಾಗಿಲು ಯಾಕೆ ಗಿಡ್ಡ ಎಂದು ಅವರೇ ಕೇಳುತ್ತಾರೆ. ಉತ್ತರ ಹೇಳಲು ನಮಗೆ ತಿಳಿದಿದ್ದರೆ ಸಾಕು.